ಅಕ್ಕನ ಗಿಟಾರು, ಭಾವನ ಸ್ಕ್ರೂಡ್ರೈವರು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಗಿಟಾರ್ ಡಾಕ್ಟರ್. ಹೆಸರು ಕೇಳಿದವರು ಉದ್ದ ಕೂದಲಿನ ಹಾಡುಗಾರನನ್ನು ಊಹಿಸಿಕೊಂಡು ಬರುತ್ತಾರೆ. ಬಂದು ನೋಡಿದರೆ ಅರ್ಧ ತೋಳಿನ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು. ಸಂಗೀತದ ಗಂಧಗಾಳಿ ಇಲ್ಲ. ಬಚ್ಚಲಮನೆಯಲ್ಲಿ ಕೂಡ ಗುನುಗಿದವರಲ್ಲ. ಒಮ್ಮೆ ದೂರದ ಸಂಬಂಧಿಯೊಬ್ಬರು ಮಗಳ ಮದುವೆಯಲ್ಲಿ ಎರಡು ಹಾಡು ಬಾರಿಸಿಕೊಡಿ ಎಂದು ದುಂಬಾಲು ಬಿದ್ದರು. ಭಾವ ಕೈಯಲ್ಲಿದ್ದ ಗಿಟಾರನ್ನು ತಿರುಗಿಸಿ ತೋರಿಸಿ, "ಇದರಲ್ಲಿ ತಂತೀನೇ ಇಲ್ವಲ್ಲ ಸ್ವಾಮಿ" ಎಂದರು. ಅದನ್ನು ಜಂಬವೆಂದು ತಿಳಿದ ಸಂಬಂಧಿ ಮುಖ ದಪ್ಪ ಮಾಡಿಕೊಂಡು ಎದ್ದು ಹೋದರು.

ಭಾವ ರಿಪೇರಿ ಮಾಡುವುದು ವಿಡಿಯೊ ಗೇಮಿನ ಗಿಟಾರುಗಳನ್ನು. ಪ್ಲಾಸ್ಟಿಕ್ಕಿನವು. ಕತ್ತಿನ ಮೇಲೆ ಐದು ಬಣ್ಣದ ಗುಂಡಿಗಳು, ತಂತಿ ಇರಬೇಕಾದ ಕಡೆ ಬೆರಳುದ್ದದ ಒಂದು ಪಟ್ಟಿ. ಟೀವಿಯಲ್ಲಿ ಹಾಡು ಶುರುವಾದರೆ ಬಣ್ಣದ ಬಿಲ್ಲೆಗಳು ರಸ್ತೆಯ ಮೇಲೆ ಗಾಡಿ ಬರುವ ಹಾಗೆ ಒಂದರ ಹಿಂದೆ ಒಂದು ನಮ್ಮ ಕಡೆಗೆ ಜಾರಿ ಬರುತ್ತವೆ. ಬಿಲ್ಲೆ ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಎಡಗೈಯಲ್ಲಿ ಆ ಬಣ್ಣದ ಗುಂಡಿ ಒತ್ತಿ, ಬಲಗೈ ಹೆಬ್ಬೆರಳಿನಲ್ಲಿ ಪಟ್ಟಿಯನ್ನು ಮೀಟಬೇಕು. ಮೇಲಕ್ಕಾದರೂ ಸರಿ, ಕೆಳಕ್ಕಾದರೂ ಸರಿ, ಟಿಕ್ ಎನ್ನುತ್ತದೆ. ತಾಳಕ್ಕೆ ಹೊಂದಿತೋ, ಅಂಕ ಸಿಕ್ಕಿತು. ತಪ್ಪಿತೋ, ಟೀವಿ ಪರದೆಯೊಳಗಿನ ಜನ ಹೋ ಎಂದು ಗೇಲಿ ಮಾಡುತ್ತಾರೆ. ಒಂದು ಕಾಲಕ್ಕೆ ಮನೆಮನೆಯಲ್ಲಿ ಇದರ ಹುಚ್ಚು ಹಿಡಿದಿತ್ತಂತೆ. ಹುಚ್ಚು ಇಳಿಯಿತು, ಅಂಗಡಿಗಳಲ್ಲಿ ಹೊಸ ಗಿಟಾರು ಸಿಗುವುದು ಕಡಿಮೆಯಾಯಿತು. ಬಿಡಲಾರದ ಕೆಲವರು ಮಾತ್ರ ಹಳೆಯದನ್ನೇ ಎದೆಗವಚಿಕೊಂಡು ಭಾವನ ಬಳಿ ಬರುತ್ತಾರೆ.

ಅಂಗಡಿ ಎಂದರೆ ರೈಲು ಡಬ್ಬಿಯಂತೆ ಉದ್ದನೆಯ ಒಂದೇ ಕೋಣೆ. ಬೀದಿಯ ಕಡೆ, ಕಿಟಕಿಯ ಬೆಳಕಿನಲ್ಲಿ ನಮ್ಮಕ್ಕನ ಹೊಲಿಗೆ ಮೆಷಿನ್ನು. ಒಳಗಡೆ ಟ್ಯೂಬ್‌ಲೈಟಿನ ಕೆಳಗೆ ಭಾವನ ಮೇಜು. ನಡುವೆ ಒಂದು ಬಟ್ಟೆಯ ಪರದೆ ಕಟ್ಟಿದ್ದಾರೆ, ಅಳತೆ ಕೊಡಲು ಬರುವ ಹೆಂಗಸರಿಗೋಸ್ಕರ. ಕೊನೆಯ ಗೋಡೆಗೆ ಒಂದು ಹಳೆಯ ಡೊಳ್ಳುಹೊಟ್ಟೆಯ ಟೀವಿ. ಈಗಿನ ತೆಳು ಟೀವಿಗಳಲ್ಲಿ ಚಿತ್ರ ಹಾಡಿಗಿಂತ ಕೂದಲೆಳೆಯಷ್ಟು ತಡವಾಗಿ ಬರುತ್ತದೆ, ಆಟಕ್ಕೆ ಅದು ಆಗಿಬರುವುದಿಲ್ಲ ಎಂದು ಭಾವ ಅದನ್ನು ಕಣ್ಣುರೆಪ್ಪೆಯ ಹಾಗೆ ಕಾಪಾಡಿಕೊಂಡಿದ್ದಾರೆ. ಮೇಲಿನ ಮನೆಯಲ್ಲಿ ನಾನು ಇರುತ್ತೇನೆ. ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಜನರ ಮೇಲೆ ರೇಗಿ, ಸಂಜೆ ಅದೇ ರೇಗನ್ನು ಹೊತ್ತುಕೊಂಡು ನೇರ ಇವರ ಅಂಗಡಿಗೆ ಬಂದು ಕೂರುವುದು ನನ್ನ ಅಭ್ಯಾಸ. ಭಾವ ನನ್ನನ್ನು ಕರೆಯುವುದೇ ಬಾಯಿಬಡುಕಿ ಎಂದು. ನಾದಿನಿಯಾದವಳಿಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಭಾವ ಮಾತಿಗೆ ಬಡವರು. ಅಕ್ಕ ಹತ್ತು ಮಾತಾಡಿದರೆ ಅವರದು ಒಂದು ಹೂಂ. ಮದುವೆಯಾದ ಹೊಸತರಲ್ಲಿ ಅಕ್ಕ ಗೋಡೆಯ ಜೊತೆ ಸಂಸಾರ ಮಾಡುತ್ತಿದ್ದೇನೆ ಎಂದು ನನ್ನ ಬಳಿ ಅತ್ತದ್ದೂ ಉಂಟು. ಆಮೇಲೆ ಒಂದು ಸಂಜೆ, ರಿಪೇರಿಯಾದ ಗಿಟಾರನ್ನು ಪರೀಕ್ಷೆ ಮಾಡಲು ಇನ್ನೊಂದು ಕೈ ಬೇಕಾಗಿ ಭಾವ ಅವಳನ್ನು ಕರೆದರು. ಅವಳು ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದ್ದು ಹೋಗಿ ಆಡಿದಳು. ಅಂದಿನಿಂದ ಅದೇ ರೂಢಿಯಾಯಿತು. ಸಂಜೆ ಶಟರನ್ನು ಅರ್ಧಕ್ಕೆ ಇಳಿಸುವುದು, ಇಬ್ಬರೂ ಎರಡು ಸ್ಟೂಲಿನ ಮೇಲೆ ಅಕ್ಕಪಕ್ಕ ಕೂರುವುದು, ಒಂದು ಅರ್ಧ ಗಂಟೆ ಆಡುವುದು. ಆ ಹಾಡುಗಳು ಯಾವ ಭಾಷೆಯವೋ, ಅವರಿಬ್ಬರಿಗೂ ಒಂದು ಪದ ತಿಳಿಯದು. ಆದರೆ ಆ ಅರ್ಧ ಗಂಟೆಯಲ್ಲಿ ಭಾವ ನಗುತ್ತಾರೆ, ಕೀಟಲೆ ಮಾಡುತ್ತಾರೆ, "ನೋಡೇ, ಈಗ ಹೇಗೆ ಹೊಡೀತೀನಿ" ಎಂದು ಸವಾಲು ಹಾಕುತ್ತಾರೆ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಆಟ ತಪ್ಪಿರಲಿಲ್ಲ. ಆಟ ಮುಗಿಯುವ ಹೊತ್ತಿಗೆ ಮಾತು ತಾನಾಗಿ ಬಂದಿರುತ್ತಿತ್ತು. ಗೆಲ್ಲುತ್ತಿದ್ದವಳು ಹೆಚ್ಚಾಗಿ ಅಕ್ಕನೇ. ಹೊಲಿಗೆಯ ಕೈ ನೋಡಿ, ಲಯ ತಪ್ಪುತ್ತಿರಲಿಲ್ಲ.

ಭಾವನಿಗೆ ಒಂದೇ ಒಂದು ವಿಷಯದಲ್ಲಿ ಮಾತು ಬರುತ್ತದೆ. ಗಿಟಾರಿನಲ್ಲಿ ಏನಾದರೂ ಹೊಸತು ಬರಬೇಕು ಎಂದು ಯಾರಾದರೂ ಬಾಯಿ ತೆರೆದರೆ ಸಾಕು. ಗುಂಡಿಯ ಬದಲು ಸವರಿದರೆ ಸಾಕಾಗುವ ಪಟ್ಟಿ, ಸದ್ದೇ ಮಾಡದ ಸ್ವಿಚ್ಚು, ಮಡಚಿ ಚೀಲದಲ್ಲಿಡಬಹುದಾದ ಕತ್ತು, ಹೀಗೆ ಗಿರಾಕಿಗಳು ಎಲ್ಲೋ ಓದಿದ್ದನ್ನು ಬಂದು ಹೇಳುತ್ತಾರೆ. ಭಾವ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಶುರುಮಾಡುತ್ತಾರೆ. "ಚಮಚದಲ್ಲಿ ಹೊಸದು ಏನಾದ್ರೂ ಬಂತಾ? ಬಾಚಣಿಗೆಯಲ್ಲಿ ಬಂತಾ? ಸರಿಯಾಗಿ ಮಾಡಿದ್ದನ್ನ ಮತ್ತೆ ಯಾಕ್ರೀ ಕೆಡಿಸ್ಬೇಕು? ಟಿಕ್ ಅನ್ನೋದೇ ಇದರ ಜೀವ. ಟಿಕ್ ಅಂದ್ರೆ ಗಿಟಾರ್ ನಿಮ್ಮ ಮಾತು ಕೇಳ್ತು ಅಂತ ಅರ್ಥ." ಹಟಕ್ಕೆ ಬಿದ್ದರೆ ಜಪ್ಪಯ್ಯ ಎಂದರೂ ಕದಲುವವರಲ್ಲ. ಗಿರಾಕಿಗಳೂ ತಲೆಯಾಡಿಸುತ್ತಿದ್ದರು, ಗಿಟಾರು ಭಾವನ ಕೈಯಲ್ಲಿ ಸಿಕ್ಕಿಕೊಂಡಿದೆಯಲ್ಲ.

ಹೀಗಿರುವಾಗ ಅಕ್ಕನ ಅಂಕ ಇಳಿಯತೊಡಗಿತು. ಮೊದಮೊದಲು ಹಾಡಿನ ಕೊನೆಯಲ್ಲಿ ಒಂದೆರಡು ಬಿಲ್ಲೆ ತಪ್ಪುತ್ತಿದ್ದವು. ಆಮೇಲೆ ನಡುವೆಯೇ. ಪರದೆಯ ಜನ ಅವಳನ್ನು ಗೇಲಿ ಮಾಡುವುದನ್ನು ಕೇಳಿ ಭಾವನ ಮುಖ ಗಂಟಾಯಿತು. ಅಕ್ಕ ತಪ್ಪುವವಳಲ್ಲ, ಹಾಗಾದರೆ ತಪ್ಪು ಗಿಟಾರಿನದೇ ಎಂಬುದು ಅವರ ಲೆಕ್ಕ. ಮಾರನೆಯ ದಿನ ಅವಳ ಗಿಟಾರನ್ನು ಬಿಚ್ಚಿದರು. ಸ್ವಿಚ್ಚುಗಳು ದಣಿದಿವೆ ಎಂದು ಹೊಸವನ್ನು ಹಾಕಿದರು, ಸ್ಪ್ರಿಂಗು ಸಡಿಲವಾಗಿದೆ ಎಂದು ಗಟ್ಟಿಯಾದದ್ದು ಕೂರಿಸಿದರು. ಅಕ್ಕ ಮೀಟಿ ನೋಡಿ, "ಈಗ ಚೆನ್ನಾಗಿದೆ ರೀ" ಎಂದಳು. ಸಂಜೆ ಇನ್ನೂ ಹೆಚ್ಚು ತಪ್ಪಿತು. ಭಾವ ಮತ್ತೆ ಬಿಚ್ಚಿದರು, ಇನ್ನೂ ಗಟ್ಟಿ ಸ್ಪ್ರಿಂಗು ಹಾಕಿದರು. ತಿಂಗಳುಗಟ್ಟಲೆ ಇದೇ ನಡೆಯಿತು. ಬೇರೆಯವರ ಗಿಟಾರುಗಳು ಸಾಲಾಗಿ ಕಾಯುತ್ತಿದ್ದರೂ ಭಾವನ ಮೇಜಿನ ಮೇಲೆ ಅಕ್ಕನದೇ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿತ್ತು. ಪ್ರೀತಿ ಎಂದರೆ ಏನೆಂದು ಗೊತ್ತಿಲ್ಲದ ಮನುಷ್ಯ ಅಂತ ನಾನು ಹೇಳಲಾರೆ. ಗೊತ್ತಿತ್ತು, ಆದರೆ ಅದನ್ನು ಸ್ಕ್ರೂಡ್ರೈವರಿನ ಮೂಲಕವೇ ತೋರಿಸಬೇಕಿತ್ತು.

ಆಮೇಲಾಮೇಲೆ ಅಕ್ಕ ಆಟಕ್ಕೆ ಕೂರದಿರಲು ನೆಪ ಹುಡುಕತೊಡಗಿದಳು. ಇವತ್ತು ಗುಂಡಿ ಹೊಲಿಯುವುದು ಬಾಕಿ ಇದೆ, ಇವತ್ತು ತಲೆನೋವು, ಇವತ್ತು ನೀವೊಬ್ಬರೇ ಆಡಿ. ಭಾವ ಒಬ್ಬರೇ ಕೂತು ಒಂದು ಹಾಡು ಆಡಿ, ಟೀವಿ ಆರಿಸಿ, ಸ್ಟೂಲುಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ಮಾತು ಮತ್ತೆ ಹೂಂಗೆ ಇಳಿಯಿತು. ಹೊಸ ಮದುವೆಯ ದಿನಗಳ ಆ ಗೋಡೆ ಮತ್ತೆ ಏಳುತ್ತಿತ್ತು. ಆ ಅರ್ಧ ಗಂಟೆ ಹೋದರೆ ಇವರ ಸಂಸಾರದಲ್ಲಿ ಇಬ್ಬರು ಇರುತ್ತಾರೆ, ಜೊತೆ ಇರುವುದಿಲ್ಲ.

ಒಂದು ಮಧ್ಯಾಹ್ನ ನನಗೆ ರಜೆ. ಅಂಗಡಿಗೆ ಹೋದಾಗ ಅಕ್ಕ ಒಂದು ರವಿಕೆಯ ಬಟ್ಟೆ ಹರಡಿಕೊಂಡು ಕೂತಿದ್ದಳು. ಕತ್ತರಿ ಎಂದಿನಂತೆ ಬಲಗೈಯೊಂದರಲ್ಲೇ ಇರಲಿಲ್ಲ. ಎರಡೂ ಕೈಗಳಲ್ಲಿ ಹಿಡಿದು, ತುಟಿ ಕಚ್ಚಿಕೊಂಡು ಕತ್ತರಿಸುತ್ತಿದ್ದಳು. ನನ್ನನ್ನು ನೋಡಿ ತಟ್ಟನೆ ಕತ್ತರಿ ಕೆಳಗಿಟ್ಟಳು.

"ಏನೇ ಇದು?" ಎಂದೆ.

"ಏನಿಲ್ಲ ಬಿಡು. ಹೆಬ್ಬೆರಳ ಬುಡದಲ್ಲಿ ಸ್ವಲ್ಪ ನೋವು."

ಸ್ವಲ್ಪ ನೋವಲ್ಲ. ಕೈ ಹಿಡಿದು ನೋಡಿದರೆ ಹೆಬ್ಬೆರಳಿನ ಬುಡ ಊದಿ ಗಂಟಿನಂತಾಗಿತ್ತು. ಅವಳು ಭಾವನಿಗೆ ಹೇಳದೆ ಡಾಕ್ಟರ ಬಳಿ ಹೋಗಿ ಬಂದಿದ್ದಳು. ಜೀವನವಿಡೀ ಕತ್ತರಿ ಹಿಡಿದು ಹಿಡಿದು ಕೀಲು ಸವೆದಿದೆ, ಇನ್ನು ಮೊದಲಿನಂತಾಗುವುದಿಲ್ಲ, ಒತ್ತಡ ಹಾಕಬೇಡಿ ಎಂದಿದ್ದರಂತೆ. ಮೀಟುವ ಪಟ್ಟಿಗೆ ಬೇಕಾದದ್ದು ಅದೇ ಹೆಬ್ಬೆರಳು.

"ಭಾವಂಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲೇ? ಪಾಪ, ದಿನಾ ಅಷ್ಟು ಆಸೆಯಿಂದ ರಿಪೇರಿ ಮಾಡಿ ಕೊಡ್ತಾರೆ. ನಂಗೋಸ್ಕರ ಅತ್ಯಂತ ಗಟ್ಟಿ ಸ್ಪ್ರಿಂಗ್ ಹುಡುಕಿ ತರಿಸಿದ್ದಾರಂತೆ. ಅದು ನನಗೆ ಆಗಲ್ಲ ಅಂದ್ರೆ ಅವರಿಗೆ ಎಷ್ಟು ಬೇಜಾರಾಗ್ಬೇಡ. ಗಿಟಾರ್ ಬದಲಾಯಿಸೋ ಮಾತೆತ್ತಿದ್ರೆ ಚಮಚ, ಬಾಚಣಿಗೆ ಅಂತ ಶುರುಮಾಡ್ತಾರೆ. ನಾನೇ ನಿಧಾನಕ್ಕೆ ಬಿಟ್ಟುಬಿಡ್ತೀನಿ. ನೀನು ಬಾಯಿ ಬಿಡ್ಬೇಡ, ನನ್ನಾಣೆ."

ಆಣೆ ಇಟ್ಟುಬಿಟ್ಟಳು. ಬಾಯಿಬಡುಕಿಗೆ ಆಣೆ ಇಡುವುದು ಎಂಥ ಅನ್ಯಾಯ! ಮಾತು ನಾಲಗೆಯ ತುದಿಗೆ ಬರುವುದು, ನುಂಗುವುದು. ಒಂದೇ ವಾರದಲ್ಲಿ ನನಗೆ ಊಟ ಸೇರದಂತಾಯಿತು. ಅಂಚೆ ಕಚೇರಿಯಲ್ಲಿ ನಾನು ಯಾರ ಮೇಲೂ ರೇಗದಿರುವುದನ್ನು ಕಂಡು ನಮ್ಮ ಪೋಸ್ಟ್‌ಮಾಸ್ಟರು ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಆಗ ಬಂದಳು ಆ ಹುಡುಗಿ. ಹೊಸ ಬಗೆಯ ಗೇಮ್ ಗಿಟಾರು ತಯಾರಿಸಲು ಹೊರಟಿರುವ ಒಂದು ಸಣ್ಣ ಕಂಪನಿಯಲ್ಲಿ ವಿನ್ಯಾಸದ ಕೆಲಸವಂತೆ. ಹಳೆಯ ಗಿಟಾರುಗಳನ್ನು ಭಾವನಷ್ಟು ಬಿಚ್ಚಿ ನೋಡಿದವರಿಲ್ಲ ಎಂದು ಯಾರೋ ಹೇಳಿ ಕಳಿಸಿದ್ದರು. ವಿನಯದ ಹುಡುಗಿ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದು, ಭಾವ ತೋರಿಸಿದ ಸ್ಟೂಲಿನ ತುದಿಯಲ್ಲಿ ಕೂತು, "ಸರ್, ಇದರಲ್ಲಿ ಏನು ಬದಲಾಗಬೇಕು ಅಂತ ನಿಮಗನ್ನಿಸುತ್ತೆ?" ಎಂದು ಕೇಳಿದಳು.

ಭಾವ ಸ್ಕ್ರೂಡ್ರೈವರು ಕೆಳಗಿಟ್ಟರು. ನಾನು ಮನಸ್ಸಿನಲ್ಲೇ ಚಮಚ ಬಂತು ಎಂದುಕೊಂಡೆ. ಚಮಚವೇ ಬಂತು, ಬೆನ್ನಿಗೇ ಬಾಚಣಿಗೆ. ಟಿಕ್ ಎನ್ನುವುದೇ ಜೀವ ಎಂಬಲ್ಲಿಗೆ ಬಂದು ಭಾವ ಮುಗಿಸಿದರು. "ಏನೂ ಬದಲಾಗ್ಬೇಕಾಗಿಲ್ಲಮ್ಮ. ಇದರಲ್ಲಿ ಕೊರತೆ ಅಂತ ಏನೂ ಇಲ್ಲ."

ಹುಡುಗಿ ನಿರಾಸೆಯನ್ನು ತೋರಿಸದೆ ನಡುವಿನ ಬಟ್ಟೆಯ ಪರದೆಯ ಕಡೆ ತಿರುಗಿದಳು. ಪರದೆ ಸರಿದಿತ್ತು, ಅಕ್ಕ ಮೆಷಿನ್ನಿನ ಹಿಂದೆ ಕಾಣುತ್ತಿದ್ದಳು. "ಆಂಟಿ, ನೀವೂ ಆಡ್ತೀರಂತೆ. ನಿಮಗೇನನ್ನಿಸುತ್ತೆ?"

ಮೆಷಿನ್ನು ನಿಂತಿತು. ಅಕ್ಕ ದಾರ ಕಿತ್ತಳು, ಬಟ್ಟೆ ಮಡಚಿದಳು.

"ಹಗುರ ಆಗ್ಬೇಕು" ಎಂದಳು ಅಕ್ಕ, ತಲೆ ಎತ್ತದೆ. "ಮೀಟೋದು ತುಂಬಾ ಗಟ್ಟಿ. ನನ್ನ ಕೈಯಲ್ಲಿ ಆಗ್ತಾ ಇಲ್ಲ."

ಭಾವ ಅವಳನ್ನು ನೋಡಿದರು. ಕೋಪವಲ್ಲ, ಅರ್ಥವೇ ಆಗಿರಲಿಲ್ಲ. "ಗಟ್ಟಿನಾ? ನಿನ್ನೇನೇ ಸರಿ ಮಾಡಿದ್ನಲ್ಲೇ. ಕೊಡು ಇಲ್ಲಿ, ಇನ್ನೊಂದ್ಸಲ ಬಿಚ್ಚಿ ನೋಡ್ತೀನಿ" ಎಂದು ಅಕ್ಕನ ಗಿಟಾರಿಗೆ ಕೈ ಚಾಚಿದರು.

ಅಷ್ಟೇ, ನನ್ನ ಆಣೆ ಗಾಳಿಗೆ ಹೋಯಿತು. ಅಕ್ಕ ತಾನೇ ಬಾಯಿ ಬಿಟ್ಟ ಮೇಲೆ ಇನ್ನೇನು ಆಣೆ? "ಎಷ್ಟು ಸಲ ಅಂತ ಗಿಟಾರ್ ಬಿಚ್ತೀರಾ ಭಾವ? ಒಂದೇ ಒಂದು ಸಲ ಅಕ್ಕನ ಕೈ ನೋಡಿದ್ದೀರಾ?"

ಹುಡುಗಿ ಇನ್ನೊಂದು ದಿನ ಬರುವೆನೆಂದು ಮೆಲ್ಲಗೆ ಎದ್ದು ಹೋದಳು. ಭಾವ ಕಿಟಕಿಯ ಬಳಿಗೆ ಬಂದು, ಅಕ್ಕನ ಬಲಗೈಯನ್ನು ತಮ್ಮ ಎರಡೂ ಅಂಗೈ ಮೇಲೆ ಇಟ್ಟುಕೊಂಡು ಕನ್ನಡಕ ಮೇಲೇರಿಸಿದರು. ಊದಿದ ಬುಡವನ್ನು ಮುಟ್ಟಿದರು. ಅಕ್ಕ ಸ್ಸ್ ಎಂದಳು. ಅವರು ಕೈ ಬಿಡಲಿಲ್ಲ.

"ಅಷ್ಟೂ ದಿನ ಗಟ್ಟಿ ಮಾಡ್ತಾ ಹೋದ್ನಲ್ಲೇ" ಎಂದರು. "ಚೆನ್ನಾಗಿದೆ ಅಂದ್ಯಲ್ಲ."

"ನೀವು ಅಷ್ಟು ಆಸೆಯಿಂದ ಕೊಡ್ತಿದ್ರಲ್ಲ ರೀ."

ನನಗೆ ಅಳು ಬಂತು. ಬೈಯಬೇಕೆಂದು ಕೂಡಿಟ್ಟ ಮಾತೆಲ್ಲ ಕರಗಿಹೋಯಿತು. ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದು ಮಾಡಲು ಹೋಗಿ ಒಬ್ಬರನ್ನೊಬ್ಬರು ಒಂಟಿ ಮಾಡಿಕೊಂಡಿದ್ದರು.

ಚಮಚ, ಬಾಚಣಿಗೆ ಅಲ್ಲಿಗೆ ಮುಗಿದವು. ಹೊಸತೇ ಬೇಡ ಎಂದು ಕೂತಿದ್ದ ಮನುಷ್ಯನಿಗೆ ಹೊಸತರ ಹುಚ್ಚು ಹತ್ತಿತು. ಮೊದಲು ಸ್ಪ್ರಿಂಗನ್ನೇ ತೆಗೆದುಹಾಕಿ, ಸವರಿದರೆ ಸಾಕು ಎನ್ನುವಂಥ ಪಟ್ಟಿ ಮಾಡಿದರು. ಅದು ಎಷ್ಟು ಹಗುರವಾಯಿತೆಂದರೆ ಅಕ್ಕನ ಸೆರಗು ತಾಗಿದರೂ ಮೀಟುತ್ತಿತ್ತು. ಒಂದು ಬಿಲ್ಲೆಗೆ ಮೂರು ಸಲ ನುಡಿದು, ಪರದೆಯ ಜನಕ್ಕೆ ಹಬ್ಬ. ಆಮೇಲೆ ಮೀಟುವುದೇ ಬೇಡ, ಎಡಗೈಯಲ್ಲಿ ಗುಂಡಿ ಒತ್ತಿದರೆ ತಾನೇ ಮೀಟಿಕೊಳ್ಳಲಿ ಎಂದು ಒಳಗೆ ಏನೋ ಬೆಸುಗೆ ಹಾಕಿದರು. ಅಕ್ಕ ಒಂದು ಹಾಡು ಆಡಿದಳು. ಒಂದೂ ತಪ್ಪಲಿಲ್ಲ. ಗಿಟಾರನ್ನು ಕೆಳಗಿಟ್ಟು, "ಇದರಲ್ಲಿ ನಾನೆಲ್ಲಿದ್ದೀನಿ? ಅರ್ಧ ಆಟ ಅದೇ ಆಡ್ಕೊಳ್ತಿದೆ" ಎಂದಳು. "ಟಿಕ್ ಅನ್ನೋದನ್ನ ನಾನೇ ಅನ್ನಿಸ್ಬೇಕು."

ಭಾವ ಹೂಂ ಎಂದರು. ಆದರೆ ಈ ಸಲ ಸ್ಕ್ರೂಡ್ರೈವರಿಗೆ ಕೈ ಹಾಕಲಿಲ್ಲ. "ನಂದು ತಗೊಂಡು ಸುಮ್ನೆ ಆಡು. ಮೀಟೋಕೆ ಹೋಗ್ಬೇಡ, ಗುಂಡಿ ಮಾತ್ರ ಒತ್ತು. ನಾನು ನೋಡ್ತೀನಿ" ಎಂದು ತಾವು ಟೀವಿಗೆ ಬೆನ್ನು ಮಾಡಿ, ಅವಳ ಎದುರಿಗೆ ನೆಲದ ಮೇಲೆ ಕೂತರು. ಹಾಡು ನುಡಿಯಿತು. ಪರದೆಯ ಜನ ಗೇಲಿ ಮಾಡಿದರು. ಭಾವ ಅತ್ತ ತಿರುಗಲಿಲ್ಲ. ಅಕ್ಕನ ಮುಖ ನೋಡಿದರು, ಭುಜ ನೋಡಿದರು, ಕೈ ನೋಡಿದರು. ಕೊನೆಗೆ ಅವರ ಕಣ್ಣು ಅವಳ ಬಲಗಾಲಿನ ಮೇಲೆ ನಿಂತುಬಿಟ್ಟಿತು. ನಾನೂ ನೋಡಿದೆ. ಬೆರಳುಗಳ ಕಡೆ ಒಮ್ಮೆ, ಹಿಮ್ಮಡಿ ಕಡೆ ಒಮ್ಮೆ, ಅವಳ ಪಾದ ನೆಲದ ಮೇಲೆ ತೂಗುತ್ತಿತ್ತು. ಪ್ರತಿ ಬಿಲ್ಲೆಗೂ ಒಂದು ತೂಗು. ಒಂದೂ ತಪ್ಪುತ್ತಿರಲಿಲ್ಲ.

ಭಾವ ಎದ್ದು ಮೆಟ್ಟಿಲ ಕೆಳಗಿನ ಗೂಡಿಗೆ ಹೋದರು. ಅಕ್ಕ ಮೋಟಾರಿನ ಮೆಷಿನ್ನು ಕೊಳ್ಳುವ ಮೊದಲು ಕಾಲಲ್ಲಿ ತುಳಿಯುತ್ತಿದ್ದ ಹಳೆಯ ಮೆಷಿನ್ನಿನ ಕಬ್ಬಿಣದ ಕಾಲುಮಣೆ ಅಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಅದನ್ನು ಎದೆಗಾನಿಸಿಕೊಂಡು ಹೊರಗೆ ತಂದರು. ಅಂಗಿಯ ತುಂಬ ತುಕ್ಕು.

"ಅಯ್ಯೋ, ಅದ್ಯಾಕ್ರೀ?" ಎಂದಳು ಅಕ್ಕ.

"ಹೂಂ" ಎಂದರು ಭಾವ.

ಕೆಲವು ದಿನ ಅಂಗಡಿಯಲ್ಲಿ ತುಕ್ಕು ಉಜ್ಜುವ ಉಪ್ಪುಕಾಗದದ ಕರಕರ, ಬೆಸುಗೆಯ ಹೊಗೆ. ಕಾಲುಮಣೆಯ ತೂಕ ಕಾಲಿಗೆ ತಾಗದ ಹಾಗೆ ಅದನ್ನು ನಡುವಿನಲ್ಲಿ ತಕ್ಕಡಿಯಂತೆ ಕೂರಿಸಿದರು. ಮುಂದಿನ ತುದಿಯ ಕೆಳಗೆ ಒಂದು ಸ್ವಿಚ್ಚು, ಹಿಂದಿನ ತುದಿಯ ಕೆಳಗೆ ಇನ್ನೊಂದು. ಮೀಟುವ ಪಟ್ಟಿಗೂ ಎರಡೇ ದಿಕ್ಕಲ್ಲವೇ, ಮೇಲಕ್ಕೆ ಒಂದು, ಕೆಳಕ್ಕೆ ಒಂದು. ಅಲ್ಲಿಂದ ಒಂದು ವೈರು ಗಿಟಾರಿನ ಹೊಟ್ಟೆಗೆ. ಎಡಗೈ ಗುಂಡಿ ಒತ್ತಬೇಕು, ಕಾಲು ಮೀಟಬೇಕು. ಬಲಗೈಗೆ ಗಿಟಾರನ್ನು ಒರಗಿಸಿಕೊಳ್ಳುವುದರ ಹೊರತು ಕೆಲಸವಿಲ್ಲ. ಸದ್ದು ಮಾಡದ ಸ್ವಿಚ್ಚುಗಳೂ ಭಾವನ ಡಬ್ಬಿಯಲ್ಲಿದ್ದವು. ಆದರೆ ಅವರು ಹಾಕಿದ್ದು ಅಕ್ಕನ ಗಿಟಾರಿನಿಂದಲೇ ಬಿಚ್ಚಿಟ್ಟ, ದಣಿದಿವೆ ಎಂದು ತಾವೇ ತೆಗೆದಿದ್ದ ಆ ಮೊದಲ ಸ್ವಿಚ್ಚುಗಳನ್ನು. ಅವು ದಣಿದಿರಲೇ ಇಲ್ಲ.

ವಿನ್ಯಾಸದ ಹುಡುಗಿ ಹೇಳಿದಂತೆಯೇ ಇನ್ನೊಂದು ದಿನ ಬಂದಳು. ಕಾಲುಮಣೆಯನ್ನು ಕಂಡು ಮಂಡಿಯೂರಿ ಕೂತು, ಕೈಯಿಂದ ಒತ್ತಿ ಒತ್ತಿ ನೋಡಿದಳು. "ಇದನ್ನ ಎಲ್ಲರಿಗೂ ಮಾಡ್ಬಹುದಲ್ವಾ ಸರ್?" ಎಂದಳು.

"ಎಲ್ಲರಿಗೂ ಯಾಕಮ್ಮ?" ಎಂದರು ಭಾವ. "ಇದು ಹೊಲಿಗೆ ಕಾಲಿಗೆ ಆಗುತ್ತೆ. ಬೇರೆಯವರಿಗೆ ಬೇರೆ ಏನೋ ಬೇಕಾಗುತ್ತೆ. ಮೊದಲು ಅವರನ್ನ ಕೂರಿಸಿ ನೋಡು." ಮೊನ್ನೆಮೊನ್ನೆ ಕಲಿತದ್ದನ್ನು ಹುಟ್ಟಿನಿಂದಲೇ ಗೊತ್ತಿತ್ತೆಂಬ ಗತ್ತಿನಲ್ಲಿ ಹೇಳಿದರು. ನಾನು ಮೂಗು ಮುರಿದೆ.

ಹುಡುಗಿ ಹೋದ ಮೇಲೆ ಶಟರು ಅರ್ಧಕ್ಕೆ ಇಳಿಯಿತು. ಎರಡು ಸ್ಟೂಲು ಅಕ್ಕಪಕ್ಕ ಬಂದವು. ಅಕ್ಕ ಚಪ್ಪಲಿ ಬಿಟ್ಟು ಬಲಪಾದವನ್ನು ಕಾಲುಮಣೆಯ ಮೇಲಿಟ್ಟಳು. ಇಟ್ಟ ಕೂಡಲೇ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಹಾಡು ಶುರುವಾಯಿತು. ಟಿಕ್, ಟಿಕ್, ಟಿಕ್ಕಟಿಕ್. ಬಿಲ್ಲೆಗಳು ಒಂದೊಂದಾಗಿ ಒಡೆದವು. ಅಂಚು ಹೊಲಿಯುವಾಗಿನ ಅದೇ ಮುಖ, ಅದೇ ಚೂರು ಹೊರಬಂದ ನಾಲಗೆಯ ತುದಿ. ಪಕ್ಕದಲ್ಲಿ ಭಾವನಿಗೆ ಆಟದ ಮೇಲೆ ಗಮನವೇ ಇರಲಿಲ್ಲ, ಅವಳ ಕಾಲನ್ನೇ ನೋಡುತ್ತ ಬಿಲ್ಲೆ ತಪ್ಪಿಸಿಕೊಂಡರು. ಹಾಡು ಮುಗಿದಾಗ ಅಕ್ಕ ಗೆದ್ದಿದ್ದಳು, ಭಾವ ಹೀನಾಯವಾಗಿ ಸೋತಿದ್ದರು. ಪರದೆಯ ಜನ ಅವರನ್ನು ಹೋ ಎಂದು ಗೇಲಿ ಮಾಡಿದರು.

"ಥತ್, ನನ್ನ ಸ್ವಿಚ್ಚು ಸರಿಯಿಲ್ಲ" ಎಂದು ಭಾವ ಹಳೆಯ ರೂಢಿಯಂತೆ ಸ್ಕ್ರೂಡ್ರೈವರಿಗೆ ಕೈ ಹಾಕಿದರು.

ಅಕ್ಕ ಅದನ್ನು ಅವರ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

"ಗಿಟಾರ್ ಸರಿಯಾಗೇ ಇದೆ ರೀ" ಎಂದಳು. "ಎಲ್ಲಿ, ನಿಮ್ಮ ಕೈ ಕೊಡಿ ನೋಡೋಣ."